ಅಳ್ಳಿನ ಗಂಜಿ

"ಗಂಜಿ ನೀ ಮಾಡವ್ವ ಮನಿಷಾ" ಎಂದು ಕಾಶಿಬಾಯಿ ಉತ್ತತ್ತಿಯ ಡಬ್ಬಿಯನ್ನು ಸಣ್ಣ ಸೊಸೆಯ ಮುಂದಿಟ್ಟಾಗ, ಹಿರಿಯ ಸೊಸೆ ತ್ರಿಶಲಾ ಬಾವಿಯಿಂದ ತಂದ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಕೊಡ ಬಗ್ಗಿಸಿದ ಕೈ ಹಾಗೇ ನಿಂತಿತು.

"ಮತ್ತ ನಾ ಏನ ಮಾಡ್ಲಿರಿ ಅತ್ತಿ?"

"ನಿನ್ನ ಕಣ್ಣ ಚಲೋ ಅದಾವ. ಮಾತಾಜಿಗೆ ಕೊಡೂದನ್ನೆಲ್ಲಾ ಮೊದಲ ನೀ ಹಸನ ಮಾಡಿ ನೋಡು. ಹುಳ ಹುಪ್ಪಡಿ ಇರಬಾರದು."

ಹಿಂದಿನ ಸಂಜೆ ದಿಗ್ಗೇವಾಡಿ ಕಡೆಯಿಂದ ಕಾಲ್ನಡಿಗೆಯಲ್ಲಿ ಬಂದ ಜೈನ ಸನ್ಯಾಸಿನಿ ಮಾತಾಜಿ ಶೇಡಬಾಳದ ಬಸದಿಯಲ್ಲಿ ಇಳಿದಿದ್ದರು. ದಿನಕ್ಕೆ ಒಂದೇ ಹೊತ್ತು, ಅದೂ ಅಂಗೈಯಲ್ಲಿ ಆಹಾರ. ಉಪ್ಪು, ಬೆಲ್ಲ, ಸಕ್ಕರೆ, ತುಪ್ಪ ಎಲ್ಲವನ್ನೂ ಬಿಟ್ಟವರು. ಇಂಥವರು ಬಂದರೆ ಊರಿನವರಿಗೆ ನೆನಪಾಗುವುದು ಕಾಶಿಬಾಯಿಯ ಮನೆಯ ಅಳ್ಳಿನ ಗಂಜಿ. ಜೋಳ ಹುರಿದು ಅರಳಿಸಿದ ಅಳ್ಳನ್ನು ಕುಟ್ಟಿದ ಹಿಟ್ಟನ್ನು ತೆಂಗಿನ ಹಾಲಿನಲ್ಲಿ ಕುದಿಸಿ, ನೆನೆಹಾಕಿದ ಉತ್ತತ್ತಿಯನ್ನು ಅರೆದು ಕೂಡಿಸಬೇಕು. ಚೂರೂ ಬೆಲ್ಲವಿಲ್ಲದೆ ನಾಲಿಗೆಗೆ ಸಿಹಿ ಹತ್ತುತ್ತದೆ. ಕಾಶಿಬಾಯಿಯ ಅತ್ತೆ ದುಂಡವ್ವನ ಕಾಲದಿಂದ ಬಂದ ಅಡುಗೆ ಅದು.

ಇಪ್ಪತ್ತು ವರ್ಷ ತ್ರಿಶಲಾ ಅತ್ತೆಯ ಪಕ್ಕ ನಿಂತು ಆ ಗಂಜಿಗೆ ಉರಿ ಹಾಕಿದ್ದಳು. ಅಳ್ಳು ಯಾವಾಗ ಸಿಡಿಯುತ್ತದೆ, ಹಾಲು ಯಾವಾಗ ಒಡೆಯುತ್ತದೆ ಎಲ್ಲವೂ ಅವಳಿಗೆ ಗೊತ್ತಿತ್ತು. ಅತ್ತೆಯ ಕೈ ನಡುಗಲು ಶುರುವಾದಾಗಿನಿಂದ, ಇನ್ನು ಸವಟು ನನ್ನ ಕೈಗೇ ಎಂದುಕೊಂಡಿದ್ದಳು. ಈಗ ನೋಡಿದರೆ ಅದು ಮೊನ್ನೆ ಮೊನ್ನೆ ಬಂದವಳ ಪಾಲಾಗಿತ್ತು.

ಮನಿಷಾ ನಿಪ್ಪಾಣಿಯವಳು. ಕಾಶಿಬಾಯಿಯ ತವರೂ ಅಲ್ಲೇ. ಇಬ್ಬರೂ ಕೂತರೆ ಮರಾಠಿಯಲ್ಲೇ ಮಾತು, ಮರಾಠಿಯಲ್ಲೇ ನಗು. ಅಲಖನೂರಿನ ತ್ರಿಶಲಾಳಿಗೆ ಮರಾಠಿ ತಿಳಿಯುತ್ತಿತ್ತು, ಆದರೆ ನಗು ಮುಗಿದ ಮೇಲೆ ತಿಳಿಯುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವಳು ಕಾಣಿಸಿಕೊಂಡರೆ ಒಮ್ಮೊಮ್ಮೆ ಆ ಮಾತೂ ನಿಲ್ಲುತ್ತಿತ್ತು. ತಾನು ಬಂದದ್ದಕ್ಕೇ ನಿಂತಿತೆಂದು ಅವಳು ಎಷ್ಟೋ ದಿನ ಒಳಗೊಳಗೇ ಕುದಿದಿದ್ದಳು.

ಮಾತಾಜಿ ಬರುವ ಹೊತ್ತಿಗೆ ಮನೆಯವರೆಲ್ಲ ಮಡಿಯುಟ್ಟು ಕಳಶ ಹಿಡಿದು ಬಾಗಿಲಲ್ಲಿ ನಿಂತರು. ಪಕ್ಕದ ಮನೆಯ ಸರಿತಾ ಕೂಡ ಬಂದು ನಿಂತಿದ್ದಳು.

"ಈ ಗಂಜಿ ನಿಮ್ಮ ಮನ್ಯಾಗಷ್ಟ ಹ್ಯಾಂಗ ಹುಟ್ಟೇತಿ?" ಎಂದು ಅವಳು ಕೇಳಿದಳು.

ತ್ರಿಶಲಾ ಬಾಯಿ ತೆರೆಯುವಷ್ಟರಲ್ಲಿ ಮನಿಷಾ ಹೇಳಿದಳು: "ದುಂಡವ್ವಗ ಚೊಚ್ಚಲ ಬಾಣಂತನಕ್ಕಂತ ತವರಿನವರು ಉತ್ತತ್ತಿ ತಂದಿದ್ರಂತ. ಕೂಸು ಉಳೀಲಿಲ್ಲ. ಆ ಉತ್ತತ್ತಿ ಯಾರೂ ಮುಟ್ಟಲಿಲ್ಲಂತ. ಮುಂದ ಒಬ್ಬ ಮಾತಾಜಿ ಬಂದು ಉಪ್ಪು ಬೆಲ್ಲಾ ಏನೂ ಒಲ್ಲೆ ಅಂದಾಗ, ದುಂಡವ್ವ ತಾನಽ ಡಬ್ಬಿ ತಗದು ಗಂಜಿ ಮಾಡಿದ್ಲಂತ."

ತ್ರಿಶಲಾ ಅವಳ ಕಡೆ ತಿರುಗಿದಳು. "ನಿನಗ್ಯಾರ ಹೇಳಿದ್ರು ಇದನ್ನ?"

"ಅತ್ತಿ ಹೇಳಿದ್ರಿ ಅಕ್ಕಾ. ಹೋದ ಮಳಿಗಾಲದಾಗ."

ತ್ರಿಶಲಾಳ ಎದೆಯಲ್ಲಿ ಖಾರ ಅರೆದಂತಾಯಿತು. ಅಷ್ಟು ವರ್ಷ ಒಲೆ ಊದಿದವಳಿಗೆ ಅತ್ತೆ ಅಳತೆ ಹೇಳಿದ್ದಳು, ಹದ ಹೇಳಿದ್ದಳು. ಇದೊಂದನ್ನು ಹೇಳಿರಲಿಲ್ಲ.

ಓಣಿಯ ತಿರುವಿನಲ್ಲಿ ಮಾತಾಜಿ ಕಾಣಿಸಿದರು. "ಹೇ ಮಾತಾಜಿ, ವಂದಾಮಿ, ವಂದಾಮಿ" ಎಂದು ಎಲ್ಲರೂ ಕರೆದರು. ಮಾತಾಜಿ ಬೇರೆ ಮನೆಗಳನ್ನು ದಾಟಿ ಇವರ ಬಾಗಿಲಲ್ಲಿ ನಿಂತಾಗ ಕಾಶಿಬಾಯಿಯ ಕಣ್ಣು ತುಂಬಿತು.

ಒಳಗೆ ಕಿಟಕಿಯ ಬೆಳಕಿನಲ್ಲಿ ತ್ರಿಶಲಾ ಅನ್ನ ಕೆದಕಿ ನೋಡಿದಳು, ಉಪ್ಪಿಲ್ಲದ ಬೇಳೆ ನೋಡಿದಳು, ಹಣ್ಣಿನ ಹೋಳು ತಿರುವಿ ನೋಡಿದಳು. ಮಾತಾಜಿ ಮೌನವಾಗಿ ಅಂಗೈ ಜೋಡಿಸಿ ಒಂದೊಂದೇ ತುತ್ತು ತೆಗೆದುಕೊಳ್ಳುತ್ತಿದ್ದರು. ಆಮೇಲೆ ಮನಿಷಾ ಗಂಜಿಯ ಬಟ್ಟಲು ತಂದು ಅವಳ ಮುಂದೆ ಹಿಡಿದಳು.

ತ್ರಿಶಲಾ ಚಮಚದಿಂದ ಕದಡಿದಳು. ಅರೆಯುವಾಗ ತಪ್ಪಿಸಿಕೊಂಡ ಉತ್ತತ್ತಿಯ ಒಂದು ಎಸಳಿನ ಬೆನ್ನಿಗೆ ಅಂಟಿಕೊಂಡು, ಎಳ್ಳಿನಷ್ಟು ಕಪ್ಪಗೆ, ಬೆಂದ ಹುಳವಿತ್ತು.

ಮನಿಷಾ ನೋಡಿರಲಿಲ್ಲ. ಅವಳ ಕಣ್ಣು ಮಾತಾಜಿಯ ಅಂಗೈ ಮೇಲಿತ್ತು. ಅತ್ತೆಗಂತೂ ಇಷ್ಟು ಸಣ್ಣದು ಕಾಣುವುದೇ ಇಲ್ಲ. ಸುಮ್ಮನಿದ್ದುಬಿಟ್ಟರೆ ಆಯಿತು ಎಂದು ತ್ರಿಶಲಾಳ ಮನಸ್ಸು ಅಂದಿತು. ಅಂಗೈಗೆ ಹುಳ ಬಿದ್ದರೆ ಅಂತರಾಯ. ಮಾತಾಜಿ ಎದ್ದುಬಿಡುತ್ತಾರೆ, ನಾಳೆಯವರೆಗೆ ಹನಿ ನೀರೂ ಇಲ್ಲ. ಗಂಜಿ ಮಾಡಿದವಳು ಯಾರೆಂದು ಊರೆಲ್ಲ ಕೇಳುತ್ತದೆ. ಆ ಯೋಚನೆ ಅವಳಿಗೆ ಗಂಜಿಗಿಂತ ಸಿಹಿಯೆನಿಸಿತು. ಬಟ್ಟಲು ಮುಂದಕ್ಕೆ ಹೊರಟಿತು.

ಉತ್ತತ್ತಿಗೆ ಹುಳ ಹತ್ತಬೇಕಾದರೆ ಅದು ಎಷ್ಟು ಹಳೆಯದಿರಬೇಕು ಎಂದು ಅವಳಿಗೆ ಆಗ ಹೊಳೆಯಿತು. ಹೋದ ಮಳೆಗಾಲಕ್ಕೆ ಮನಿಷಾಳಿಗೆ ಏಳು ತಿಂಗಳು. ಬಾಣಂತಿಗೆಂದು ಅತ್ತೆ ನಿಪ್ಪಾಣಿ ಸಂತೆಯಿಂದ ಉತ್ತತ್ತಿ, ಅಂಟು, ಕೊಬ್ಬರಿ ತರಿಸಿದ್ದಳು. ಕೂಸು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಅಂಟು ಕೊಬ್ಬರಿಗಳನ್ನು ಯಾರಿಗೋ ಕೊಟ್ಟರು. ಉತ್ತತ್ತಿಯ ಡಬ್ಬಿ ಮಾತ್ರ ಇವತ್ತಿನವರೆಗೆ ಅಟ್ಟದ ಮೇಲೆಯೇ ಉಳಿದಿತ್ತು.

"ತಾ ಇಲ್ಲಿ, ನಾ ಕೊಡ್ತೀನಿ" ಎಂದು ತ್ರಿಶಲಾ ಬಟ್ಟಲಿಗೆ ಕೈ ಹಾಕಿದಳು. ಹುಳದ ಹೆಸರೆತ್ತುವಂತಿರಲಿಲ್ಲ, ಆ ಮಾತು ಕಿವಿಗೆ ಬಿದ್ದರೂ ಮಾತಾಜಿ ಏಳುತ್ತಾರೆ. ಮನಿಷಾ ಬಿಡಲಿಲ್ಲ. ಎಲ್ಲರೆದುರು ಒಂದು ಗಳಿಗೆ ಜಗ್ಗಾಟವಾಯಿತು. ತ್ರಿಶಲಾ ಬಟ್ಟಲನ್ನು ಕಿತ್ತುಕೊಂಡು ಸೆರಗಿನಲ್ಲಿ ಮುಚ್ಚಿ ಹಿತ್ತಲಿಗೆ ನಡೆದಳು. ತೆಂಗಿನ ಬುಡಕ್ಕೆ ಸುರಿದು, ಕಾಲಿನಿಂದ ಮಣ್ಣು ಮುಚ್ಚಿದಳು. ಪಾತ್ರೆಯಲ್ಲಿ ಉಳಿದಿದ್ದ ಗಂಜಿಯೂ ಅಲ್ಲಿಗೇ ಹೋಯಿತು.

ಮಾತಾಜಿ ಅನ್ನ ಬೇಳೆಯಲ್ಲೇ ಆಹಾರ ಮುಗಿಸಿ, ಹರಸಿ ಬಸದಿಗೆ ತೆರಳಿದರು. ಸರಿತಾ ಯಾರ ಮುಖವನ್ನೂ ನೋಡದೆ ಹೊರಟಳು.

"ಅಕಿ ಕೈಲೆ ಒಂದ ಚಮಚಾ ಮಾತಾಜಿ ಕೈಯಾಗ ಬೀಳ್ಲಿ ಅಂತ ಅಂದಿದ್ದೆ ನಾ" ಎಂದಳು ಕಾಶಿಬಾಯಿ. "ಅಷ್ಟೂ ಸೈರಿಸಲಿಲ್ಲಲ್ಲ ನೀನು. ಏನ ಹೊಟ್ಟಿಕಿಚ್ಚ ಬೇ ನಿಂದು!"

ತ್ರಿಶಲಾ ತಲೆ ತಗ್ಗಿಸಿ ನೆಲ ಒರೆಸಿದಳು. ಅತ್ತೆ ಒಳಗೆ ಹೋದ ಮೇಲೆ ಮನಿಷಾ ಹತ್ತಿರ ಬಂದು ನಿಂತಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಯಾಕ ಕಸಗೊಂಡ್ರಿ ಅಕ್ಕಾ? ಗಂಜ್ಯಾಗ ಏನರ ಇತ್ತೇನ್ರಿ?"

ತ್ರಿಶಲಾ ಅವಳ ಮುಖವನ್ನು ನೋಡಿದಳು.

"ಏನೂ ಇರಲಿಲ್ಲ. ಗಂಜಿ ಚಲೋ ಆಗಿತ್ತು" ಎಂದಳು. "ನನಗ ತಡಕೊಳ್ಳಾಕ ಆಗಲಿಲ್ಲ, ಅಷ್ಟ."

ಒಳಗಿನಿಂದ ಅತ್ತೆ ಮರಾಠಿಯಲ್ಲಿ ಮನಿಷಾಳನ್ನು ಕರೆದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಬಸದಿಗೆ ಹೊರಟರು. ಅತ್ತೆಯ ಕೈ ಮನಿಷಾಳ ಭುಜದ ಮೇಲಿತ್ತು. ಓಣಿಯಲ್ಲಿ ಅವರ ಮಾತು ಕೇಳಿಸುವವರೆಗೂ ತ್ರಿಶಲಾ ಕಿವಿಗೊಟ್ಟು ನಿಂತಳು. ತನ್ನ ಹೆಸರೇನಾದರೂ ಬಂತೋ ಎಂದು ನೋಡಿದಳು, ಬರಲಿಲ್ಲ.

ಆಮೇಲೆ ತಾಟು ಹಾಕಿಕೊಂಡು ಉಳಿದ ಅನ್ನ, ಬೇಳೆ ಬಡಿಸಿಕೊಂಡಳು. ಉಪ್ಪಿನ ಭರಣಿ ಕೈಗೆಟಕುವಲ್ಲೇ ಇತ್ತು. ಅವಳು ಕೈ ಚಾಚಲಿಲ್ಲ. ಸಪ್ಪಗಿನ ಅನ್ನವನ್ನು ತುತ್ತು ತುತ್ತಾಗಿ ಕಲಸಿ, ಒಬ್ಬಳೇ ಕೂತು ಪೂರ್ತಿ ಉಂಡಳು.