ಡೇರಿಯ ಕ್ಯಾಮೆರಾ

"ಮದಲ ಇದನ್ನ ಕೆಳಗ ಇಳಸು," ಎಂದು ಲಕ್ಷ್ಮಿಬಾಯಿ ಗೋಡೆಯ ಕ್ಯಾಮೆರಾ ತೋರಿಸಿದರು. ನಿಪ್ಪಾಣಿಯಿಂದ ಬಂದಿದ್ದ, ಕ್ಯಾಮೆರಾ ಕೂರಿಸುವ ಸಮಾಧಾನ ಎಂಬವನು ಏಣಿಯತ್ತ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಅಂಗೈಯಲ್ಲಿ ತಂಬಾಕು ತಿಕ್ಕತೊಡಗಿದ.

ಏಕಸಂಬಿಯ ಆಚೆ, ಕಬ್ಬಿನ ಹೊಲಗಳ ನಡುವಿನ ವಸತಿಯಲ್ಲಿ ಹೆಂಗಸರೇ ನಡೆಸುವ ಹಾಲಿನ ಸಂಘ ಅದು. ಲಕ್ಷ್ಮಿಬಾಯಿ ಅದರ ಕಾರ್ಯದರ್ಶಿ. ಎರಡು ಸಲ ಕ್ಯಾನು ಕಳುವಾದ ಮೇಲೆ, ಹೋದ ವರ್ಷ ಇದೇ ಸಮಾಧಾನನಿಂದ ಒಳಗೆ ಕ್ಯಾಮೆರಾ ಹಾಕಿಸಿದ್ದರು. ಅಂದು ಅವನನ್ನು ಮನೆಗೆ ಕರೆದು ಊಟಕ್ಕೆ ಬಡಿಸಿ, ಅವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಮಾಡಿದ್ದರು. ಇದರ ಚಿತ್ರ ಎಲ್ಲಿಗೆ ಹೋಗುತ್ತದೆ, ಯಾರ್ಯಾರು ನೋಡಬಹುದು ಎಂದು ಕೇಳಿರಲಿಲ್ಲ. ಮನೆಯಲ್ಲಿ ಉಂಡವನನ್ನು ಹಾಗೆಲ್ಲ ಕೇಳಬೇಕೆಂದು ಅವರಿಗೆ ಹೊಳೆದೂ ಇರಲಿಲ್ಲ.

ಬೆಳಿಗ್ಗೆ ಹೆಂಗಸರು ನಿದ್ದೆಗಣ್ಣಿನಲ್ಲೇ ಹಾಲು ತರುತ್ತಿದ್ದರು. ಚನ್ನವ್ವನ ಸೊಸೆ ಕೋಮಲ ಐದು ತಿಂಗಳ ಕೂಸನ್ನೂ ಎತ್ತಿಕೊಂಡು ಬಂದು, ತನ್ನ ಪಾಳಿ ಬರುವವರೆಗೆ ಹಿಂಡಿಯ ಚೀಲದ ಮೇಲೆ ಕುಳಿತು ಅದಕ್ಕೆ ಮೊಲೆಯೂಡಿಸುತ್ತಿದ್ದಳು. ಆ ಹೊತ್ತಿನಲ್ಲಿ ಗಂಡಸರು ಒಳಗೆ ಕಾಲಿಡದ ಕೋಣೆ ಅದು. ಅವಳು ಹಾಗೆ ಕುಳಿತದ್ದನ್ನು ಕ್ಯಾಮೆರಾ ಹಿಡಿದ ಚಿತ್ರ ಈಗ ನಾಲ್ಕು ದಿನದಿಂದ ರಾಯಬಾಗದವರೆಗೂ ಫೋನುಗಳಲ್ಲಿ ತಿರುಗುತ್ತಿತ್ತು. ಕೋಮಲ ಮನೆ ಬಿಟ್ಟು ಹೊರಬಂದಿರಲಿಲ್ಲ.

ಸಮಾಧಾನ ಹೇಳಿದ್ದಿಷ್ಟು. ಕ್ಯಾಮೆರಾ ಕಂಪನಿಯದು. ಚಿತ್ರ ಕೂಡಿಡುವ ಕಂಪ್ಯೂಟರು ಬೇರೆ ಯಾರದೋ, ಎಲ್ಲಿಯದೋ. ತಾನು ಬರೀ ಮೊಳೆ ಹೊಡೆದವನು. ಪಾಸ್‌ವರ್ಡ್ ಏನಿಟ್ಟಿದ್ದೆ ಎಂದು ಕೇಳಿದ್ದಕ್ಕೆ ಒಂದರಿಂದ ಆರರವರೆಗಿನ ಅಂಕಿ ಎಂದ. ಅವನು ಕ್ಯಾಮೆರಾ ಹಾಕಿದ ಇಪ್ಪತ್ತೆಂಟು ಊರಿಗೂ ಅದೇ.

"ಎಲ್ಲಾ ಕಡೆ ಒಂದ ಇಟ್ರ ನಮಗ ಸಲೀಸ ಆಗ್ತೈತ್ರಿ ಕಾಕೂ. ಬದಲ ಮಾಡ್ಕೋರಿ ಅಂತ ಕಾಗದದಾಗ ಬರದೈತಿ. ನೀವ ಸಹಿ ಮಾಡೀರಿ."

"ನೀ ನೋಡಿಯೇನ ಅದನ್ನ?"

ಅವನು ತಂಬಾಕನ್ನು ತುಟಿಯೊಳಗೆ ಒತ್ತಿಕೊಂಡ. "ಮಾರಿ ಅಷ್ಟ ಚಂದ ಕಾಣೂದಿಲ್ಲ ಬಿಡ್ರಿ," ಎಂದು, ಬೇಕಿದ್ದರೆ ನೋಡಿ ಎನ್ನುವಂತೆ ತನ್ನ ಫೋನನ್ನೇ ಅವರ ಮುಂದೆ ಹಿಡಿದ. ಚಿತ್ರವನ್ನು ಅದರಲ್ಲಿ ಉಳಿಸಿಟ್ಟುಕೊಂಡಿದ್ದ.

ಲಕ್ಷ್ಮಿಬಾಯಿಗೆ ಅವನ ಉಗುರಿನ ಸಂದಿಯಲ್ಲಿ ಮೆತ್ತಿದ್ದ ಸುಣ್ಣ ಕಂಡಿತು. ಆ ಕೈಗೇ ತಾವು ರೊಟ್ಟಿ ಮೇಲೆ ರೊಟ್ಟಿ ಹಾಕಿದ್ದು. ಅಳಿಸು ಎಂದರು. ಅವನು ನಗುತ್ತಲೇ ಅಳಿಸಿದ. ಆ ನಗುವಿನಲ್ಲೇ ತಿಳಿಯುತ್ತಿತ್ತು, ಬೇರೆಡೆ ಇನ್ನೂ ಇದೆ ಎಂದು.

ಅವರು ಸೀರೆ ಎತ್ತಿ ಸಿಕ್ಕಿಸಿ ತಾವೇ ಏಣಿ ಹತ್ತಿದರು. ಹಿಡಿಯಲು ಅವನು ಎದ್ದು ಬಂದ.

"ಏಣಿ ಮುಟ್ಟಬ್ಯಾಡ," ಎಂದರು.

ಕ್ಯಾಮೆರಾ ಕಿತ್ತಾಗ ಗೋಡೆಯ ಗಾರೆಯೂ ಒಂದು ಹಿಡಿ ಬಂತು. ಕ್ಯಾಮೆರಾವನ್ನೂ ತಾವು ಸಹಿ ಮಾಡಿದ ಕಾಗದವನ್ನೂ ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಚಿಕ್ಕೋಡಿ ಠಾಣೆಗೆ ಹೋಗಿ ದೂರು ಬರೆದುಕೊಟ್ಟು ಬಂದರು. ಅಲ್ಲಿದ್ದ ಪೊಲೀಸನೂ ಮೊದಲು ಕೇಳಿದ್ದು, ಚಿತ್ರ ಇದೆಯೇ ಎಂದು.

ಮರುದಿನ ಬೆಳಿಗ್ಗೆ ಹಾಲು ತಂದವಳು ಚನ್ನವ್ವ. ಅಳೆದರೆ ಕಾಲು ಲೀಟರು ಕಡಿಮೆ ಬಂತು. ಎಮ್ಮೆಗೆ ಮೈಯಲ್ಲಿ ಸರಿಯಿಲ್ಲವೇ ಎಂದು ಲಕ್ಷ್ಮಿಬಾಯಿ ವಿಚಾರಿಸಿದರು.

"ಎಮ್ಮಿ ಚಲೋ ಐತ್ರಿ ಅಕ್ಕಾರ. ಕೂಸಿಗೆ ತೆಗದಿಟ್ಟೀನಿ. ಸೊಸಿ ಅದನ್ನ ಎದಿಗೆ ಹಚ್ಚಗೊಳ್ಳಾಕ ವಲ್ಲೆ ಅಂತಾಳ."

 ಚನ್ನವ್ವ ಖಾಲಿ ಪಾತ್ರೆ ಎತ್ತಿಕೊಂಡು ಹೊರಟಳು. ಕ್ಯಾನಿನ ಬಾಯಲ್ಲಿ ನೊರೆ ಒಂದೊಂದೇ ಗುಳ್ಳೆಯಾಗಿ ಒಡೆಯುತ್ತಿತ್ತು.