ನೆಲಮಾಳಿಗೆಯ ರಂಗೋಲಿ

"ಏಯ್ ಗಮಾರ, ನೀರು ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು? ಮೇಲೆ ಹೊಸ ಬಣ್ಣ ಹೊಡೆಸಿದೀನಿ, ತೇವ ಹತ್ತತ್ತೆ. ಒಣದನ್ನೇ ಕೆರಿ!"

ಹೃಷೀಕೇಶ ಕೂಗುತ್ತಿದ್ದದ್ದು ಮೆಟ್ಟಿಲಿನ ತುದಿಯಿಂದ. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಈ ಕಟ್ಟಡದ ಕೆಲಸ ಶುರುವಾದ ಮೇಲೆ ಅವನು ನೆಲಮಾಳಿಗೆಗೆ ಇಳಿದದ್ದನ್ನು ಗಂಗವ್ವ ಒಮ್ಮೆಯೂ ಕಂಡಿರಲಿಲ್ಲ.

ಕೆಳಗೆ ಅವಳ ಗಂಡ ಶರಣಪ್ಪ ನೀರಿನ ಬಕೆಟ್ಟನ್ನು ಪಕ್ಕಕ್ಕಿಟ್ಟ. ಊರಲ್ಲಿ ಸುಣ್ಣ ಬಳಿಯುತ್ತಿದ್ದವನು. ಕೆರೆಯುವ ಮೊದಲು ನೀರು ಚಿಮುಕಿಸುವುದು ಅವನ ಕೈಗೆ ಅಂಟಿದ ಅಭ್ಯಾಸ. ಆದರೆ ಸಾಹೇಬರ ಕಟ್ಟಡ, ಸಾಹೇಬರ ಮಾತು. ದಪ್ಪ ಪೈಪುಗಳಿಗೆ ಸುತ್ತಿದ್ದ ಬಿಳಿ ಹೊದಿಕೆಗೆ ಉಳಿ ಕೊಟ್ಟು ಎಳೆದ. ಪುಡಿ ಬಲ್ಬಿನ ಸುತ್ತ ಎದ್ದು ನಿಂತಿತು, ಇಳಿಯಲೇ ಇಲ್ಲ. ಶರಣಪ್ಪ ಕೆಮ್ಮಿದ.

"ಸೋಮವಾರ ಬಿಲ್ಡಿಂಗ್ ನೋಡೋಕೆ ಇನ್‌ಸ್ಪೆಕ್ಟರ್ ಬರ್ತಾನೆ. ಅಷ್ಟರಲ್ಲಿ ಪೈಪಿನ ಮೇಲೆ ಚೂರೂ ಉಳಿದಿರಬಾರದು, ತಿಳೀತಾ?"

"ಹೂನ್ರಿ ಸಾಹೇಬ್ರ."

ಕಾರು ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ವರ್ಷ ಅದು. ಊರಿಗೆ ಊರೇ ಕೆಲಸ ಕಳೆದುಕೊಂಡು ಕೂತಿದ್ದಾಗ ವಿಕ್ಸಮ್‌ನ ಈ ಹಳೇ ಕ್ಲಬ್ಬು ಹೃಷೀಕೇಶನಿಗೆ ಪುಕ್ಕಟೆ ಎನ್ನುವ ಹಾಗೆ ಸಿಕ್ಕಿತ್ತು. ಹಾಲ್ ಮಾಡಿ ಮದುವೆ ಮುಂಜಿಗೆ ಬಾಡಿಗೆ ಕೊಡುವ ಹಂಚಿಕೆ. ಗಂಗವ್ವ ಬೆಂಗಳೂರಿನಲ್ಲಿ ಅವನ ಮನೆಯ ಅಡುಗೆಯವಳು, ಶರಣಪ್ಪ ಅದೇ ಅಪಾರ್ಟ್‌ಮೆಂಟಿನ ವಾಚ್‌ಮನ್. ಮಗು ನೋಡಿಕೊಂಡು ಆರು ತಿಂಗಳಿಗೆ ವಾಪಸು ಹೋಗುವಿರಂತೆ ಎಂದು ಇಬ್ಬರನ್ನೂ ಈ ಪರದೇಶಕ್ಕೆ ಕರೆತಂದಿದ್ದರು. ವೀಸಾ ಮುಗಿದು ಹೋಗಿತ್ತು. ಪಾಸ್‌ಪೋರ್ಟುಗಳು ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಲ್ಲಿ, ಸಾಹೇಬರ ಬೀರುವಿನಲ್ಲಿದ್ದವು.

ಮೊದಲು ಒಬ್ಬ ಬಿಳಿಯ ಗುತ್ತಿಗೆದಾರ ಬಂದಿದ್ದ. ಪೈಪಿಗೆ ಟಾರ್ಚು ಬಿಟ್ಟವನೇ ಹಿಂದೆ ಸರಿದು, ಹೃಷೀಕೇಶನ ಜೊತೆ ಜೋರುಜೋರಾಗಿ ಮಾತಾಡಿ ಹೊರಟುಹೋದ. ಅವತ್ತು ಕಾರಿನಲ್ಲಿ ಹೃಷೀಕೇಶ ಹೆಂಡತಿ ಸುಹಾಸಿನಿಗೆ ಹೇಳಿದ್ದು ಹಿಂದಿನ ಸೀಟಿನಲ್ಲಿದ್ದ ಗಂಗವ್ವನಿಗೂ ಕೇಳಿಸಿತ್ತು.

"ಹಳೇ ಬಿಲ್ಡಿಂಗು, ಮೊದ್ಲು ಅಸ್ಬೆಸ್ಟಾಸ್ ಇದೆಯಾ ಅಂತ ಸರ್ವೆ ಮಾಡಿಸಿ ಅಂತಾನೆ. ಓನರ್ರೇ ಮಾಡಿಸ್ಬೇಕಂತೆ, ಲಾ ಅಂತೆ. ಅಸ್ಬೆಸ್ಟಾಸ್ ಸಿಕ್ರೆ ತೆಗೆಯೋಕೆ ಲೈಸೆನ್ಸ್ ಇರೋರೇ ಬರ್ಬೇಕಂತೆ. ನಮ್ಮ ಶರಣಪ್ಪ ಇಲ್ವಾ?"

ಗಂಗವ್ವ ಹೆದರಲಿಲ್ಲ. ಅಸ್ಬೆಸ್ಟಾಸ್ ಅವಳಿಗೆ ಗೊತ್ತಿಲ್ಲದ್ದೇ? ಕೊಪ್ಪಳದ ಕಡೆಯ ಅವಳ ಮನೆಯ ಮೇಲಿದ್ದದ್ದೂ ಅದೇ ಶೀಟು. ಹಾಕಿಸಿದ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. "ಶೀಟಿಗೆ ಅಂಜತಾವಂತ ಈ ಹುಚ್ಚ ಮುಂಡೇವು" ಎಂದು ಗಂಡನಿಗೆ ಹೇಳಿ, ಇಬ್ಬರೂ ನಕ್ಕಿದ್ದರು. ದಿನಾ ಸಂಜೆ ಶರಣಪ್ಪ ಮೇಲೆ ಬಂದು ಅಂಗಿ ಕೊಡವುತ್ತಿದ್ದ. ಒಗೆಯುವ ಮೊದಲು ಅವಳು ಇನ್ನೊಮ್ಮೆ ಕೊಡವುತ್ತಿದ್ದಳು.

ಶನಿವಾರ ಬೆಳಿಗ್ಗೆ ಹಾಲ್‌ನ ಪೂಜೆ. ಗಂಗವ್ವ ದೊಡ್ಡ ಪಾತ್ರೆಯ ತುಂಬ ಪಾಯಸ ಕಾಯಿಸಿ ತಂದಿದ್ದಳು. ಶರಣಪ್ಪ ಮಾತ್ರ ಕೆಳಗೆ ಕೆರೆಯುತ್ತಲೇ ಇದ್ದ.

"ಅಯ್ಯೋ ಗಂಗವ್ವ, ರಂಗೋಲಿ ಪ್ಯಾಕೆಟ್ ಮನೇಲೇ ಮರ್ತು ಬಂದಿದೀನಿ!" ಸುಹಾಸಿನಿ ಹಣೆ ಚಚ್ಚಿಕೊಂಡಳು. "ಪುರೋಹಿತರು ಆಗ್ಲೇ ಹೈವೇ ಇಳಿದ್ರಂತೆ. ಏನಾದ್ರೂ ಮಾಡು."

"ನೀವ್ ಸುಮ್ನಿರ್ರಿ ಅಮ್ಮಾರ. ನಾ ಅದೀನಿ."

ನೆಲಮಾಳಿಗೆಗೆ ಹೋಗಿ, ಶರಣಪ್ಪ ಕೆರೆದು ತುಂಬಿಟ್ಟಿದ್ದ ಚೀಲದಿಂದ ಒಂದು ತಟ್ಟೆ ಬಿಳಿ ಪುಡಿ ತುಂಬಿ ತಂದಳು. ಕಲ್ಲಿನ ಪುಡಿಯ ಹಾಗೆ ಅದು ಬೆರಳ ಸಂದಿಯಿಂದ ಇಳಿಯಲಿಲ್ಲ. ಅರಳೆಯ ಹಾಗೆ ಅಂಟಿಕೊಂಡಿತು. ಆದರೂ ಬಾಗಿಲಿನ ಮುಂದೆ ಪುಟ್ಟದೊಂದು ಕಮಲ ಮೂಡಿತು. ಸಾಹೇಬರ ಮಗಳು ಅನು ಲಂಗ ಎತ್ತಿಕೊಂಡು ಓಡಿ ಬಂದು, ಕಮಲದ ನಡುವೆ ಅಂಗೈ ಒತ್ತಿದಳು.

"ಲುಕ್ ಡ್ಯಾಡಿ, ಮೈ ಹ್ಯಾಂಡ್!"

ಹೃಷೀಕೇಶ ನಗುತ್ತ ಫೋಟೋ ತೆಗೆದ. "ಚೆನ್ನಾಗಿದೆ. ಪುಡಿ ಎಲ್ಲಿ ಸಿಕ್ತು?"

"ತೆಳಗಿಂದ ತಂದೆ ರೀ. ಪೈಪಿಂದು."

ಅವನ ಮುಖ ಬಿಳಿಚಿತು. ಮಗುವನ್ನು ಬಾಚಿ ಎತ್ತಿಕೊಂಡು ಓಡಿದ. "ಅನು, ಉಸಿರಾಡ್ಬೇಡ! ಬಾಯಿ ಮುಚ್ಚು!" ನಲ್ಲಿಯ ಕೆಳಗೆ ಅವಳ ಕೈ ಉಜ್ಜಿದ, ಮುಖ ಉಜ್ಜಿದ, ಹೊಸ ರೇಷ್ಮೆ ಲಂಗವನ್ನು ಕಿತ್ತು ಕಸದ ಚೀಲಕ್ಕೆ ತುರುಕಿ ಗಂಟು ಹಾಕಿದ. ಮಗು ಚೀರುತ್ತಿತ್ತು. "ಮನೆಗೆ ಕರ್ಕೊಂಡ್ ಹೋಗು, ತಲೆಗೆ ಸ್ನಾನ ಮಾಡ್ಸು, ಈಗ್ಲೇ!" ಸುಹಾಸಿನಿಯ ಕಾರು ಕಿರುಗುಟ್ಟಿ ರಸ್ತೆಗಿಳಿಯಿತು.

ಗಂಗವ್ವ ತನ್ನ ಬೆರಳು ನೋಡಿಕೊಂಡಳು.

"ಅದ್ರಾಗ ಏನೈತ್ರಿ ಸಾಹೇಬ್ರ?"

"ಏನಿಲ್ಲ. ಪೊರಕೆ ತಗೊಂಡು ಗುಡಿಸು, ಗೆಸ್ಟ್ ಬರೋ ಹೊತ್ತಾಯ್ತು."

"ಮಗಳು ಒಂದ್ಸಲ ಮುಟ್ಟಿದ್ದಕ ಅರಿಬಿ ಒಗದ್ರಿ. ನನ್ನ ಗಂಡ ದಿನಾ ಅದನ್ನ ನುಂಗಾಕತ್ತಾನ."

"ನಿಮಗೇನಾಗತ್ತೆ? ಊರಲ್ಲಿ ಅದೇ ಶೀಟಿನ ಕೆಳಗೆ ಮಲಗ್ತಿದ್ರಲ್ಲ!"

"ಹಾಟ್ಯಾ!" ಗಂಗವ್ವನ ದನಿ ಕಟ್ಟಡವೆಲ್ಲ ಮೊಳಗಿತು. "ಗೊತ್ತಿತ್ತಲ್ಲೋ ನಿನಗ! ಗೊತ್ತಿದ್ದಾ ಇಳಿಸಿದೆಲ್ಲೋ ಬಾಡ್ಯಾ ಅವನ್ನ!"

ಅವಳು ಪೊರಕೆ ಮುಟ್ಟಲಿಲ್ಲ. ಪಾಯಸದ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹುಲ್ಲಿನ ಮೇಲೆ ಬಗ್ಗಿಸಿದಳು. ದ್ರಾಕ್ಷಿ, ಗೋಡಂಬಿ, ತುಪ್ಪ ಎಲ್ಲ ಹರಿದುಹೋಯಿತು. ಖಾಲಿ ಪಾತ್ರೆಯನ್ನು ರಂಗೋಲಿಯ ಮೇಲೆ ಬೋರಲು ಹಾಕಿ, ಅದರ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ಪುರೋಹಿತರು ಕಾರಿನಿಂದ ಇಳಿದಿದ್ದರು. ಹಿಂದೆಯೇ ರೇಷ್ಮೆ ಸೀರೆಗಳು, ಮಕ್ಕಳು. ಕೆಲವರು ಆಗಲೇ ಚಪ್ಪಲಿ ಬಿಡುತ್ತಿದ್ದರು.

"ಬಾಗಿಲಿಗೆ ಅಡ್ಡ ಕೂರ್ತಾರೇನಮ್ಮಾ? ದರಿದ್ರ. ಏಳು, ಏಳು."

"ದರಿದ್ರ ತೆಳಗ ಐತ್ರಿ ಆಚಾರ್ರ. ಅಸ್ಬೆಸ್ಟಾಸ್. ಇಳದು ನೋಡ್ರಿ."

ಓದಿದ ಜನ, ಆ ಪುಡಿ ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ಎಂದು ಬಲ್ಲವರು. ಆ ಒಂದು ಪದಕ್ಕೆ ಮಕ್ಕಳ ರಟ್ಟೆಗಳು ಹಿಂದಕ್ಕೆ ಎಳೆಯಲ್ಪಟ್ಟವು. ಪುರೋಹಿತರು ಶಲ್ಯವನ್ನು ಮೂಗಿಗೆ ಒತ್ತಿಕೊಂಡರು. ಚಪ್ಪಲಿ ಮೆಟ್ಟಿಕೊಂಡು ಕಾರುಗಳ ಕಡೆ ನಡೆದರು.

ಹೃಷೀಕೇಶ ಬಗ್ಗಿ, ಹಲ್ಲು ಕಚ್ಚಿ ಹೇಳಿದ: "ಪಾಸ್‌ಪೋರ್ಟ್ ಎಲ್ಲಿದೆ, ನೆನಪಿದೆಯಾ? ಒಂದು ಫೋನ್ ಮಾಡಿದ್ರೆ ಇಬ್ರಿಗೂ ಕೋಳ ಹಾಕ್ತಾರೆ."

"ಮಾಡು. ಬಂದವ್ರಿಗೆ ಈ ಪಾತ್ರಿ ಎತ್ತಿ ತೋರಸ್ತೀನಿ. ಇಲ್ಲಂದ್ರ ಸೋಮವಾರದ ತನಕ ಇಲ್ಲೇ ಕುಂದರ್ತೀನಿ."

ಫೋನು ಅವನ ಕೈಯಲ್ಲೇ ಇತ್ತು. ಒತ್ತಲಿಲ್ಲ.

ಗದ್ದಲ ಕೇಳಿ ಶರಣಪ್ಪ ಮೇಲೆ ಬಂದ. ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಖಾಲಿಯಾಗುತ್ತಿದ್ದ ಅಂಗಳ ನೋಡಿದ, ಪಾತ್ರೆಯ ಮೇಲೆ ಕೂತ ಹೆಂಡತಿಯನ್ನು ನೋಡಿದ.

"ಏನಾತ ಗಂಗೀ? ಎಲ್ಲಾರೂ ಯಾಕ ಹೊಂಟ್ರು?"

ಕೇಳುತ್ತಲೇ ಎಂದಿನಂತೆ ಅಂಗಿ ಕೊಡವಲು ಕೈ ಎತ್ತಿದ.

"ಕೊಡವಬ್ಯಾಡ!"

ಅವಳು ಹಾಗೆ ಕಿರುಚಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಎರಡೂ ತೋಳುಗಳನ್ನು ಮೈಯಿಂದ ದೂರ ಹಿಡಿದು ಅಲ್ಲಾಡದೆ ನಿಂತ. ಕೆಮ್ಮು ಬಂತು. ಬಾಯಿಗೆ ಅಡ್ಡ ಹಿಡಿಯಲು ಕೈ ತಂದವನು, ಪುಡಿ ಮೆತ್ತಿದ್ದ ಆ ಕೈಯನ್ನು ನೋಡಿ, ಅರ್ಧಕ್ಕೇ ತಡೆದ.