ಅಲ್ಲಿಯ ಮಾತು ಇಲ್ಲಿ ಬೇಡ

ಗಂಡ ಹೆಂಡತಿಗೆ ಹೊಂದಿಕೆಯಾಗದೆ ಬೇರೆಯಾಗುವುದು ಯಾವ ಊರಿನಲ್ಲಿ ಇಲ್ಲ ಹೇಳಿ. ಸಾಗರದ ಹತ್ತಿರದ ಹಳ್ಳಿಯ ಮೀನಾಕ್ಷಿಗೂ ಹೊಸನಗರದ ಕಡೆಯ ಗುತ್ಯಪ್ಪನಿಗೂ ಹಾಗೆಯೇ ಆಯಿತು. ಸಾವಿರದ ಒಂಬೈನೂರ ಅರವತ್ತೇಳರ ಮಾತು. ಜಾತಿಯ ಹಿರಿಯರು ಇಡೀ ದಿನ ಕೂತು ಬಿಡುಗಡೆ ಮಾಡಿದರು. ತಾಮ್ರದ ಹಂಡೆ ಮೀನಾಕ್ಷಿಗೆ, ಎಮ್ಮೆ ಗುತ್ಯಪ್ಪನಿಗೆ ಎಂದು ತೀರ್ಮಾನವಾಯಿತು. ಎಮ್ಮೆಗಾಗಿ ಮೀನಾಕ್ಷಿ ಬಹಳ ಹೊತ್ತು ವಾದ ಮಾಡಿ ಸೋತಳು. ಏಳು ವರ್ಷದ ಮಗಳು ಶರಾವತಿ ತಾಯಿಯ ಹತ್ತಿರ ಇರಬೇಕು, ಹದಿನೈದು ದಿನಕ್ಕೊಮ್ಮೆ ಶನಿವಾರ ಅಪ್ಪನ ಮನೆಗೆ ಹೋಗಿ ಭಾನುವಾರ ಸಂಜೆ ಬರಬೇಕು ಎಂದರು. ಮಗುವಿನ ವಿಷಯಕ್ಕಾದರೂ ನೀವಿಬ್ಬರು ಮಾತಾಡಿಕೊಳ್ಳಿ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಹಂಡೆ, ಎಮ್ಮೆಯ ಗಲಾಟೆಯಲ್ಲಿ ಅದು ಮರೆತೇಹೋಯಿತು.

ಮಾತಾಡದೆ ಮಗುವನ್ನು ಕಳಿಸುವ ದಾರಿಯನ್ನು ಅವರೇ ಹುಡುಕಿಕೊಂಡರು. ಮೀನಾಕ್ಷಿ ಮಗಳನ್ನು ಸಾಗರದಲ್ಲಿ ಬಸ್ಸು ಹತ್ತಿಸಿ ಕಂಡಕ್ಟರ್ ಪುಟ್ಟಪ್ಪನಿಗೆ ಒಪ್ಪಿಸುವಳು. ಹೊಸನಗರದಲ್ಲಿ ಗುತ್ಯಪ್ಪ ಇಳಿಸಿಕೊಳ್ಳುವನು. ಒಬ್ಬರ ಮುಖ ಒಬ್ಬರು ನೋಡುವ ಪ್ರಮೇಯವೇ ಇಲ್ಲ. ಹೊರಡುವ ಮುಂಚೆ ಮೀನಾಕ್ಷಿ ಜಡೆ ಹೆಣೆಯುತ್ತ ಹೇಳುತ್ತಿದ್ದಳು, "ಇಲ್ಲಿ ಮಾತು ಅಲ್ಲಿ ಹೇಳ್ಬೇಡ. ಅಲ್ಲಿ ಮಾತು ಇಲ್ಲಿ ತರ್ಬೇಡ. ಚಾಡಿ ಹೇಳೋದು ಕಲೀಬಾರ್ದು." ತಾನು ಒಳ್ಳೆಯ ಬುದ್ಧಿ ಕಲಿಸುತ್ತಿದ್ದೇನೆ ಎಂದೇ ಅವಳ ನಂಬಿಕೆ. ಅತ್ತ ಗುತ್ಯಪ್ಪನೂ ಇದನ್ನೇ ಹೇಳುತ್ತಿದ್ದ. ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ಇಬ್ಬರೂ ಇದೊಂದರಲ್ಲಿ ಒಂದೇ ಆಗಿದ್ದರು. ಪಾಪದ ಮಗು, ಇಬ್ಬರ ಮಾತನ್ನೂ ಚಾಚೂ ತಪ್ಪದೆ ಪಾಲಿಸಿತು.

ಒಂದು ಸೋಮವಾರ ಬೆಳಿಗ್ಗೆ ಸ್ನಾನ ಮಾಡಿಸುವಾಗ ಮೀನಾಕ್ಷಿ ನೋಡುತ್ತಾಳೆ, ಮಗಳ ಕಾಲಿನ ಮೇಲೆ ಗಾಯ.

"ಎಂತ ಆಯ್ತೇ ಇದು? ಬಿದ್ಯಾ?"

ಶರಾವತಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಯಾರಾದ್ರೂ ಹೊಡೆದ್ರಾ?"

"ಅಲ್ಲಿ ಮಾತು ಇಲ್ಲಿ ತರ್ಬೇಡ ಅಂದಿದೀಯಲ್ಲ."

ಅಜ್ಜಿ ದುಗ್ಗಮ್ಮ ಬಗ್ಗಿ ನೋಡಿ, "ಮುಳ್ಳು ಗೀರಿರ್ಬೇಕು, ಅರಿಶಿನ ಹಚ್ಚೇ" ಎಂದಳು. ಹಚ್ಚಿದರು.

ಮಾರನೆಯ ದಿನ ನರ್ಸಮ್ಮ ವೇದಾವತಿ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದರು. ಶರಾವತಿ ಕುಂಟುವುದನ್ನು ಕಂಡು ಕರೆದು ಕೂರಿಸಿ ಕಾಲು ನೋಡಿದರು.

"ಇದು ಮುಳ್ಳಲ್ಲ ಮೀನಾಕ್ಷಿ. ಹಲ್ಲು. ನಾಯಿ ಕಚ್ಚಿದ್ದು." ಅರಿಶಿನವನ್ನೆಲ್ಲ ತೊಳೆದು, ಸೋಪು ಹಚ್ಚಿ, ಕೊಡದ ಮೇಲೆ ಕೊಡ ನೀರು ಸುರಿಸಿದರು. "ಯಾವ ನಾಯಿ? ಈಗ ಹೇಗಿದೆ? ಡಾಕ್ಟ್ರು ಮೊದ್ಲು ಕೇಳೋದೇ ಅದನ್ನ."

"ಇದು ಬಾಯೇ ಬಿಡೋದಿಲ್ಲ ನರ್ಸಮ್ಮ."

"ಮಗೀಗೆ ಯಾಕೆ ಕೇಳ್ತೀಯ? ಅದರಪ್ಪನಿಗೆ ಕೇಳು."

"ಬಿಡುಗಡೆ ಆಗಿದೆ ನಮಗೆ. ಮಾತಾಡಿದ್ರೆ, ಬಿಟ್ಟವನ ಹಿಂದೆ ಮತ್ತೆ ಹೋದ್ಲು ಅಂತ ಜನ ಆಡ್ಕೊಳ್ತಾರೆ."

"ಜನ ಬಂದು ಔಷಧಿ ಕೊಡ್ತಾರಾ? ಹುಚ್ಚುನಾಯಿ ಕಾಯಿಲೆ ಒಂದ್ಸಲ ಶುರುವಾದ್ರೆ ಯಾವ ಡಾಕ್ಟ್ರ ಕೈಲೂ ಆಗೋದಿಲ್ಲ. ಅದಕ್ಕೂ ಮುಂಚೆ ಸೂಜಿ ಹಾಕಿಸ್ಬೇಕು. ಗುತ್ಯಪ್ಪ ಈಗ ನಿನ್ನ ಗಂಡ ಅಲ್ಲ, ಒಪ್ದೆ. ಇವಳಿಗೆ ಅಪ್ಪ ಅಲ್ಲ ಅಂತ ಹಿರಿಯರು ಹೇಳಿದ್ರಾ? ನಡಿ, ಮೊದ್ಲು ಸಾಗರದ ಆಸ್ಪತ್ರೆಗೆ ಹೋಗಣ."

ಮೀನಾಕ್ಷಿ ಮಗಳನ್ನು ಎತ್ತಿಕೊಂಡು ನರ್ಸಮ್ಮನ ಹಿಂದೆ ಹೊರಟಳು.

ಸಾಗರದ ಬಸ್ ನಿಲ್ದಾಣದಲ್ಲಿ ಅವರು ಇಳಿಯುವುದಕ್ಕೂ ಹೊಸನಗರದ ಬಸ್ಸು ಬರುವುದಕ್ಕೂ ಸರಿಹೋಯಿತು. ಅದರಿಂದ ಗುತ್ಯಪ್ಪನೇ ಇಳಿದ. ಮೀನಾಕ್ಷಿ ಅಭ್ಯಾಸಬಲದಿಂದ ಮುಖ ತಿರುಗಿಸಿದಳು. ಅವನೂ ಹತ್ತು ಮಾರು ದೂರದಲ್ಲೇ ನಿಂತು ಕಂಡಕ್ಟರನ ಕಡೆ ತಿರುಗಿದ.

"ಪುಟ್ಟಪ್ಪ, ಅವರಿಗೆ ಒಂದು ಮಾತು ಹೇಳು. ಮಗೀಗೆ..."

ಮೀನಾಕ್ಷಿ ಈ ಕಡೆ ತಿರುಗಿದಳು. ನಿಲ್ದಾಣದ ತುಂಬ ಜನ. ಅವಳ ಊರಿನವರೂ ಇಬ್ಬರಿದ್ದರು.

"ಪುಟ್ಟಪ್ಪಂಗೆ ಬೇಡ. ನಂಗೇ ಹೇಳಿ" ಎಂದಳು.

ಗುತ್ಯಪ್ಪ ಹತ್ತಿರ ಬಂದ. "ಶನಿವಾರ ಆಚೆಮನೆ ನಾಯಿ ಕಚ್ಚಿತ್ತು. ನಿನ್ನೆ ಅದು ದನಕ್ಕೂ ಕಚ್ಚಿ, ಜೊಲ್ಲು ಸುರಿಸ್ತಾ ಸತ್ತೋಯ್ತು."

"ಶನಿವಾರ ಕಚ್ಚಿದ್ದನ್ನ ಇವತ್ತು ಹೇಳ್ತೀರಾ?"

"ಹೇಳಿದ್ರೆ ಇನ್ಮೇಲೆ ಮಗೀನ ಕಳಿಸೋದಿಲ್ವೇನೋ ಅಂತ ಹೆದ್ರಿದೆ. ಇವತ್ತು ಬೆಳಿಗ್ಗೆ ಬಸ್ಸೂ ಒಂದು ಬಿಟ್ಟೆ. ಹತ್ತೋಕೆ ಧೈರ್ಯ ಬರ್ಲಿಲ್ಲ."

ಬೈಗುಳ ಮೀನಾಕ್ಷಿಯ ನಾಲಿಗೆ ತುದಿಗೆ ಬಂದಿತ್ತು. ಆದರೆ ತೋಳಿನಲ್ಲಿದ್ದ ಮಗು ಒಮ್ಮೆ ಅವಳ ಮುಖ, ಒಮ್ಮೆ ಅವನ ಮುಖ ನೋಡುತ್ತಿತ್ತು. ಬೈಗುಳ ನುಂಗಿಕೊಂಡಳು. "ನಾನೂ ಇದರ ಬಾಯಿ ಕಟ್ಟಿದ್ದೆ. ನಡೀರಿ, ಹೊತ್ತಾಯ್ತು."

ಆಗೆಲ್ಲ ಈ ಸೂಜಿಯನ್ನು ಹೊಟ್ಟೆಗೇ ಚುಚ್ಚುತ್ತಿದ್ದರು. ದಿನಕ್ಕೊಂದರಂತೆ ಹದಿನಾಲ್ಕು, ಒಂದೂ ತಪ್ಪುವಂತಿಲ್ಲ ಎಂದರು ಡಾಕ್ಟರು. ಗುತ್ಯಪ್ಪ ಸಾಗರದ ನೆಂಟರ ಮನೆಯಲ್ಲಿ ಉಳಿದುಕೊಂಡ. ನಾಟಿಯ ದಿನಗಳಲ್ಲಿ ಮೀನಾಕ್ಷಿಗೆ ಬಿಡುವಾಗಲಿಲ್ಲ, ಅವನೇ ಕರೆದೊಯ್ದ. ಅವನು ಊರಿಗೆ ಹೋಗಿಬಂದ ಎರಡು ದಿನ ಇವಳು ಕರೆದೊಯ್ದಳು. ಹದಿನಾಲ್ಕೂ ಮುಗಿದವು, ಮಗು ಉಳಿಯಿತು. ಗಂಡ ಹೆಂಡತಿ ಮತ್ತೆ ಒಂದಾಗಲಿಲ್ಲ, ಯಾರೂ ಅದನ್ನು ಕೇಳಲೂ ಇಲ್ಲ. ಶನಿವಾರ ಮೀನಾಕ್ಷಿಯೇ ಹೊಸನಗರದವರೆಗೆ ಹೋಗುವಳು, ಭಾನುವಾರ ಗುತ್ಯಪ್ಪ ಸಾಗರದವರೆಗೆ ಬರುವನು. ಜ್ವರ, ಶಾಲೆ, ಊಟ, ಇಷ್ಟೇ ಮಾತು. ಊರಿನವರು ಎಂಟು ದಿನ ಆಡಿಕೊಂಡು ಸುಮ್ಮನಾದರು.

ಒಂದು ಭಾನುವಾರ ಸಂಜೆ ಮನೆಗೆ ಬಂದ ಶರಾವತಿ, "ಅಪ್ಪನ ಮನೆ ಎಮ್ಮೆ..." ಎಂದು ಶುರುಮಾಡಿ, ತಟ್ಟನೆ ನಿಲ್ಲಿಸಿ ತಾಯಿಯ ಮುಖ ನೋಡಿದಳು.

ಅದೇ ಎಮ್ಮೆ. ಹಿರಿಯರ ಮುಂದೆ ವಾದ ಮಾಡಿ ಸೋತದ್ದು ಮೀನಾಕ್ಷಿಗೆ ನೆನಪಾಯಿತು. ಆದರೂ ಮಗಳನ್ನು ಹತ್ತಿರ ಎಳೆದುಕೊಂಡಳು.

"ಎಮ್ಮೆಗೆ ಎಂತ ಆಯ್ತೇ?"

"ಕರು ಹಾಕ್ತು."

"ಹೆಣ್ಣಾ, ಗಂಡಾ?"

ಶರಾವತಿ ಊಟಕ್ಕೆ ಕೂರುವವರೆಗೂ ಕರುವಿನ ಸುದ್ದಿಯನ್ನೇ ಹೇಳಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಬೇರೆಯಾಗಿದ್ದರೆ ಇರಲಿ, ಅದು ನಿಮ್ಮ ವಿಷಯ. ಮಗುವಿನ ಕಾಯಿಲೆ, ಕಷ್ಟ, ಓದಿನ ಸುದ್ದಿಯನ್ನು ನೀವೇ ನೇರವಾಗಿ ಮಾತಾಡಿಕೊಳ್ಳಿ. ಮುಖ ನೋಡಲು ಆಗದಿದ್ದರೆ ಒಂದು ಚೀಟಿ ಬರೆಯಿರಿ. ಆ ಮನೆಯಿಂದ ಬಂದ ನಿಮ್ಮ ಮಗು ಅರ್ಧಕ್ಕೇ ಮಾತು ನಿಲ್ಲಿಸುತ್ತದೆಯೇ? ಇವತ್ತೇ ಪಕ್ಕದಲ್ಲಿ ಕೂರಿಸಿಕೊಂಡು, ಮುಂದಿನದನ್ನು ಕೇಳಿ.